ಗಿಲಾವ್ ಇಲ್ಲದ ಗೋಡೆ

ಮನೆಯ ನಕಾಶೆ ಮಾಡಿಸಲು ನನ್ನ ಆಫೀಸಿಗೆ ಬರುವವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮೊಬೈಲು ತೆಗೆದು ಒಂದು ಫೋಟೋ ತೋರಿಸುತ್ತಾರೆ. ಯಾವುದೋ ಊರಿನ ಯಾವುದೋ ಮನೆಯ ಮುಖ. ಆಳೆತ್ತರ ಮೀರಿದ ಗಾಜು, ಕರಿ ಗ್ರಾನೈಟು, ಸ್ಟೀಲಿನ ಕಟಾಂಜನ. "ಸಾಹೇಬ್ರ, ಎಲಿವೇಶನ್ ಹಿಂಗ ಬರಬೇಕು ನೋಡ್ರಿ." ಪ್ಲಾಟು ಪಶ್ಚಿಮಕ್ಕೆ ಮುಖ ಮಾಡಿರುತ್ತದೆ, ಬಿಸಿಲು ನಮ್ಮ ಮುದ್ದೇಬಿಹಾಳದ್ದು, ಇವರಿಗೆ ಅದರೆದುರಿಗೆ ಗಾಜು ಬೇಕು. ನಾನು ಮೊದಲೇ ಸಿಟ್ಟಿನ ಮನುಷ್ಯ. "ಇದರಾಗ ನೀವು ಇರ್ತೀರೋ, ಸಂಡಿಗಿ ಒಣಗಸ್ತೀರೋ?" ಎಂದು ಕೇಳಿಬಿಡುತ್ತೇನೆ. ಕೆಲವರು ನಗುತ್ತಾರೆ. ಹೆಚ್ಚಿನವರು ಚಹಾ ಕುಡಿದು ಎದ್ದು ಬೇರೆ ಇಂಜಿನಿಯರನ ಬಾಗಿಲು ಹುಡುಕಿಕೊಂಡು ಹೋಗುತ್ತಾರೆ.

ಹೆಂಡತಿಗೆ ಇದು ಗೊತ್ತು. "ನಿಮ್ಮ ಬಾಯಿಗೆ ಒಂದು ಕದಾ ಕೂಡಿಸಿಕೋರಿ ಮೊದಲ" ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮನೆಗಳಲ್ಲಿ ಇಲಿ ಇದ್ದವು, ಚೇಳು ಇದ್ದವು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರಬೇಕಿತ್ತು, ಎಲ್ಲ ನಿಜ. ಅಂಥ ಮನೆಗೆ ವಾಪಸು ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅವರು ಗೋಡೆ ಯಾಕೆ ಅಷ್ಟು ದಪ್ಪ ಕಟ್ಟುತ್ತಿದ್ದರು, ಬೆಳಕಿಂಡಿ ಯಾಕೆ ಅಷ್ಟು ಮೇಲೆ ಇಡುತ್ತಿದ್ದರು, ಅದನ್ನಷ್ಟು ಮರೆಯಬೇಡಿ ಅಂತ ಹೇಳುತ್ತೇನೆ. ಯಾರು ಕೇಳುತ್ತಾರೆ?

ಇಷ್ಟು ವರ್ಷಗಳಲ್ಲಿ ನಾನು ನನ್ನ ಮನಸ್ಸಿಗೆ ಬಂದಂತೆ ಕಟ್ಟಿದ್ದು ಒಂದೇ ಮನೆ. ಅದು ಬಸವನ ಬಾಗೇವಾಡಿಯಲ್ಲಿ, ನನ್ನ ಅಕ್ಕನದು.

ಅಕ್ಕ ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತೆಗೆದುಕೊಂಡು ಇಳಿಯುವಾಗ ನಿಚ್ಚಣಿಕೆಯಿಂದ ಜಾರಿ ಬಿದ್ದಳು. ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಕೈ ಉಳಿದವು, ಬೆರಳಲ್ಲಿ ಬಲ ಉಳಿಯಲಿಲ್ಲ. ಎದೆಯಿಂದ ಕೆಳಗೆ ಮೈ ಅವಳದಲ್ಲ ಎನ್ನುವಂತಾಯಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ. ಮಂಚದ ಮೇಲೆ ಮಲಗಿಯೇ ಇಡೀ ಮನೆ ನಡೆಸುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವುದು ಅಡುಗೆಮನೆಯಲ್ಲಿ ನಿಂತವರಿಗಿಂತ ಮೊದಲು ಅವಳಿಗೆ ವಾಸನೆ ಬರುತ್ತಿತ್ತು. "ಏ, ಹಾಲ ನೋಡ್ರೆ ಅಲ್ಲೆ!" ಅಂತ ಕೂಗಿದರೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಓಡಬೇಕು. ದೊಡ್ಡವಳು ಆಗ ಡಿಗ್ರಿ ಮುಗಿಸುತ್ತಿದ್ದಳು, ಸಣ್ಣವಳು ಇನ್ನೂ ಹೈಸ್ಕೂಲು.

ವಿಜಯಪುರದ ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಕರೆದು ಒಂದು ಮಾತು ಹೇಳಿದ್ದರು. "ನೋಡ್ರಿ, ಇವರಿಗೆ ಪೆಟ್ಟು ಬಿದ್ದಲ್ಲಿಂದ ಕೆಳಗ ಬೆವರು ಬರೂದಿಲ್ಲ. ಮೈಯಾಗಿನ ಸೆಕಿ ಹೊರಗ ಹೋಗಾಕ ದಾರಿ ಇಲ್ಲ. ಥಂಡಿ ಜಾಗಾದಾಗ ಇಡ್ರಿ. ಬ್ಯಾಸಗಿ ಇವರಿಗೆ ರೋಗಾ ಇದ್ದಂಗ."

ಆ ಮಾತಿನ ಅರ್ಥ ನಮಗೆ ತಿಳಿದದ್ದು ಮೊದಲ ಬೇಸಿಗೆಯಲ್ಲಿ. ಅವರು ಆಗ ಇದ್ದದ್ದು ಪೇಟೆಯ ಹಿಂದಿನ ಸಿಮೆಂಟು ಮಾಳಿಗೆಯ ಮನೆ. ಮೇಲೆ ಬರೀ ಸ್ಲ್ಯಾಬು, ಅದರ ಮೇಲೆ ಕರಿ ನೀರಿನ ಟಾಕಿ. ಮಧ್ಯಾಹ್ನ ಅಕ್ಕನ ಮುಖ ಕೆಂಪಾಗುತ್ತಿತ್ತು, ಹಣೆಯಲ್ಲಿ ಮಾತ್ರ ಒಂದಿಷ್ಟು ಬೆವರು, ಮೈ ಕೆಂಡ. ಜ್ವರವಲ್ಲ, ಗುಳಿಗೆಗೆ ಇಳಿಯುವುದಿಲ್ಲ. ಒಂದು ದಿನ ಏನೇನೋ ಮಾತಾಡತೊಡಗಿದಳು, ತೀರಿಹೋದ ನಮ್ಮ ಅವ್ವನನ್ನು ಕರೆದು ನೀರು ಕೇಳಿದಳು. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೋದೆವು. ಬದುಕಿ ಬಂದಳು. ಎಸಿ ಕೂಡಿಸಿದರು. ಎಸಿ ಬೇಕಾಗುವ ಹೊತ್ತಿಗೇ ಕರೆಂಟು ಹೋಗುತ್ತಿತ್ತು, ಇದ್ದರೂ ಓಲ್ಟೇಜು ಸಾಲುತ್ತಿರಲಿಲ್ಲ. ಇನ್ವರ್ಟರು ಫ್ಯಾನನ್ನಷ್ಟೇ ತಿರುಗಿಸುತ್ತಿತ್ತು, ಫ್ಯಾನು ಸ್ಲ್ಯಾಬಿನ ಬಿಸಿಯನ್ನೇ ತಂದು ಅವಳ ಮೇಲೆ ಸುರಿಯುತ್ತಿತ್ತು. ಸಣ್ಣವಳು ಸಾಲೆ ತಪ್ಪಿಸಿ ಮಂಚದ ಪಕ್ಕ ಕೂತು ಟಾವೆಲ್ ತೋಯಿಸಿ ಹಾಕುವುದು, ತೆಗೆಯುವುದು, ಮತ್ತೆ ತೋಯಿಸುವುದು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಆ ಹುಡುಗಿಯ ಬೆರಳು ಬೆಳ್ಳಗೆ ಸುಕ್ಕಾಗಿದ್ದವು.

ಭಾವ ಮಾತು ಕಡಿಮೆಯ ಮನುಷ್ಯ. ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ಮಳೆ ಶುರುವಾದ ಮೇಲೆ ಒಂದು ದಿನ ಮುದ್ದೇಬಿಹಾಳಕ್ಕೆ ಬಂದು ನನ್ನ ಎದುರಿಗೆ ಕೂತು, "ಪ್ಲಾಟ್ ತಗೊಂಡೇನಿ. ಕರೆಂಟ್ ಇರ್ಲಿ ಬಿಡ್ಲಿ, ಆಕಿ ಜೀವ ಹಿಡದು ಇರುವಂಥಾ ಒಂದು ಮನಿ ಕಟ್ಟು. ಹೆಂಗ ಕಟ್ಟತಿ, ಅದು ನಿನಗ ಬಿಟ್ಟದ್ದು" ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ಜೀವನದಲ್ಲಿ ಎಲಿವೇಶನ್ ಕೇಳದ ಗಿರಾಕಿ ಅವರೊಬ್ಬರೇ.

ಕಟ್ಟಿದೆ. ಬಾಗೇವಾಡಿಯ ಎರೆಮಣ್ಣು ಮನೆ ಕಟ್ಟುವವರ ವೈರಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಪಾಯ ಇಳಿಸಿದೆ. ಗೋಡೆಗೆ ನಾಲತವಾಡದ ಕಡೆಯಿಂದ ಕೆಂಪು ಮಣ್ಣು ತರಿಸಿ, ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ನೆರಳಲ್ಲಿ ಒಣಗಿಸಿದ ಇಟ್ಟಂಗಿ. ಪಶ್ಚಿಮಕ್ಕೆ ಜೋಡಿ ಗೋಡೆ, ನಡುವೆ ಗಾಳಿ ಬಿಟ್ಟದ್ದು. ಅದರ ಮುಂದೆ ಆಳವಾದ ಕಟ್ಟೆ, ಮೇಲೆ ನೆರಳು. ಮನೆಯ ನಡುವೆ ಆಕಾಶಕ್ಕೆ ತೆರೆದ ಒಂದು ಚೌಕ, ಅದರ ಉತ್ತರಕ್ಕೆ ಅಕ್ಕನ ಕೋಣೆ. ಸ್ಲ್ಯಾಬಿನ ಮೇಲೆ ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿ, ಮೇಲೆ ಪರಸಿ ಕಲ್ಲು ಕೂಡಿಸಿ, ಅದಕ್ಕೆ ದಪ್ಪಗೆ ಸುಣ್ಣ ಬಳಿಸಿದೆ. ಅಕ್ಕನ ಕೋಣೆಯ ಗೋಡೆಯಲ್ಲಿ ಕೆಳಗೆ ಚೌಕದ ಕಡೆಗೆ ಸಾಲು ಕಿಂಡಿ, ಎದುರು ಗೋಡೆಯಲ್ಲಿ ಸೂರಿನ ಬುಡದಲ್ಲಿ ಇನ್ನೊಂದು ಸಾಲು. ಸಂಜೆಗೆ ತೆರೆಯಬೇಕು, ಬೆಳಗ್ಗೆ ಬಿಸಿಲೇರುವ ಮೊದಲು ಮುಚ್ಚಬೇಕು. ರಾತ್ರಿಯ ತಂಪು ಕೆಳಗಿನಿಂದ ಒಳಗೆ ಬರುತ್ತದೆ, ಹಗಲಿನ ಬಿಸಿ ಮೇಲಿನಿಂದ ಹೊರಗೆ ಹೋಗುತ್ತದೆ, ದಪ್ಪ ಗೋಡೆ ಆ ತಂಪನ್ನು ಮರುದಿನ ಸಂಜೆಯವರೆಗೆ ಹಿಡಿದಿಡುತ್ತದೆ. ಅಷ್ಟೇ ವಿದ್ಯೆ.

ಗೋಡೆಗೆ ಗಿಲಾವ್ ಮಾಡಲಿಲ್ಲ. ಗಿಲಾವ್ ಎಂದರೆ ಸಿಮೆಂಟಿನ ಸಾರಣೆ, ನಮ್ಮ ಕಡೆ ಗಾರೆ ಕೆಲಸದ ಗೌಂಡಿಗಳು ಹಾಗೇ ಅನ್ನುವುದು. ಆ ಇಟ್ಟಂಗಿಗೆ ಅದು ಬೇಕಿರಲಿಲ್ಲ. ಸಾಲು ಸಾಲಾಗಿ ಕೆಂಪಗೆ ಕಾಣುತ್ತಿದ್ದ ಗೋಡೆ ನನ್ನ ಕಣ್ಣಿಗೆ ಬಹಳ ಚೆಂದವಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೋದೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ, ಬಸ್‌ಸ್ಟ್ಯಾಂಡಿನಿಂದ ಬರುವುದರೊಳಗೆ ನನ್ನ ತಲೆ ಸಿಡಿಯುತ್ತಿತ್ತು. ಕರೆಂಟು ಇರಲಿಲ್ಲ. ಒಳಗೆ ಕಾಲಿಟ್ಟರೆ ನೆಲ ತಣ್ಣಗೆ. ಅಕ್ಕ ಕಣ್ಣು ಮುಚ್ಚಿದ್ದಳು. ಗಾಬರಿಯಾಗಿ ಹಣೆ ಮುಟ್ಟಿದೆ. ಕಣ್ಣು ಬಿಟ್ಟು, "ಬಂದೇನು? ಏ ಸಣ್ಣಾಕಿ, ಆ ಚಾದರ ಸ್ವಲ್ಪ ಮ್ಯಾಲ ಎಳಿ, ಥಂಡಿ ಹತ್ತತೈತಿ" ಎಂದಳು. ಉರಿಬೇಸಿಗೆಯಲ್ಲಿ ಚಾದರ! ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುವ ನೆಪ ಮಾಡಿ ಅತ್ತುಬಿಟ್ಟೆ. ನನಗೆ ಯಾರೂ ಪ್ರಶಸ್ತಿ ಕೊಡುವುದು ಬೇಕಾಗಿಲ್ಲ, ಆ ಚಾದರ ಸಾಕು ಅನ್ನಿಸಿತ್ತು.

ಆದರೆ ಅಕ್ಕಪಕ್ಕದವರು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಗಿಲಾವ್ ಯಾವಾಗ ಮಾಡಸ್ತೀರಿ?" ಮೊದಮೊದಲು ಅಕ್ಕ ನಗುತ್ತ, "ನಮ್ಮ ತಮ್ಮಾ ಇಂಜಿನಿಯರ್ ಅದಾನ್ರಿ, ಅವನ ತಲಿ ಅವನಿಗೇ ಗೊತ್ತು" ಅನ್ನುತ್ತಿದ್ದಳು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಮ್ಮ ಊರುಗಳಲ್ಲಿ ಗಿಲಾವ್ ಇಲ್ಲದ ಗೋಡೆ ಅಂದರೆ ಏನರ್ಥ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಇಂಡಿಯಿಂದ ಸಿಂದಗಿಯವರೆಗೆ ಯಾವ ರಸ್ತೆಯಲ್ಲಿ ಬೇಕಾದರೂ ಹೋಗಿ ನೋಡಿ, ಸ್ಲ್ಯಾಬು ಬಿದ್ದಿದೆ, ಒಳಗೆ ಸಂಸಾರ ನಡೆದಿದೆ, ಹೊರಗೆ ಇಟ್ಟಂಗಿ ಹಾಗೇ ಬಾಯಿ ಬಿಟ್ಟುಕೊಂಡಿವೆ. ಕೈ ಸೋತ ಮನೆ ಅದು. ಗೋಡೆ ನೋಡಿಯೇ ಮಂದಿ ಮನೆಯವರ ಹಣೆಬರಹ ಓದಿಬಿಡುತ್ತಾರೆ.

ದೀಪಾವಳಿ ಮುಗಿದ ಮೇಲೆ ದೊಡ್ಡವಳನ್ನು ನೋಡಲು ಸಿಂದಗಿಯಿಂದ ಗಂಡಿನವರು ಬಂದರು. ಇಂಥ ಹೊತ್ತಿನಲ್ಲಿ ಸೋದರಮಾವ ಎದುರಿಗೆ ಕೂರಬೇಕು, ಅದು ನಮ್ಮಲ್ಲಿ ಪದ್ಧತಿ. ಕೂತೆ. ಹುಡುಗನ ತಂದೆ ಅವಲಕ್ಕಿ ತಿನ್ನುತ್ತ ಸುತ್ತ ನೋಡುತ್ತಿದ್ದರು. ಎದ್ದು ಗೋಡೆಯ ಹತ್ತಿರ ಹೋಗಿ ಬೆರಳ ಗಂಟಿನಿಂದ ಎರಡು ಸಲ ಬಡಿದು ನೋಡಿದರು.

"ಕೆಲಸ ಅರ್ಧಕ್ಕ ನಿಂತೈತೇನ್ರಿ?"

ಭಾವ "ಇಲ್ರಿ, ಮುಗದೈತ್ರಿ" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡುತ್ತೇನೆಯೇ? ಜೋಡಿ ಗೋಡೆ, ಗಡಿಗೆ, ಕಿಂಡಿ, ಸುಡದ ಇಟ್ಟಂಗಿ ಎಲ್ಲ ಹೇಳಿದೆ. ಕರೆಂಟು ಬಿಲ್ಲು ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಭಾವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಇರಲಿ ಬಿಡ್ರಿ, ಇವತ್ತಿಲ್ಲಾ ನಾಳೆ ಆಗತೈತಿ" ಎಂದರು. ಆ ಮರ್ಯಾದೆಯಲ್ಲಿ ಕನಿಕರ ಇತ್ತು. ಅವರ ಜೊತೆ ಬಂದಿದ್ದ ಹೆಂಗಸು ಚೌಕದಲ್ಲಿ ನಿಂತು ಮೇಲೆ ಆಕಾಶ ನೋಡಿ, "ಅಯ್ಯ, ಇಲ್ಲಿ ಸ್ಲ್ಯಾಬ್ ಬಿದ್ದೇ ಇಲ್ಲಲ್ಲ" ಎಂದಳು.

ಫೋನು ಬರಲಿಲ್ಲ. ನಡುವೆ ನಿಂತು ಮಾತಾಡಿಸಿದ್ದ ದೇವರ ಹಿಪ್ಪರಗಿಯ ಹಿರಿಯರು ಕೊನೆಗೆ ಅಕ್ಕನಿಗೇ ಹೇಳಿದರು. "ತಾಯಿ ಹಾಸಿಗಿ ಹಿಡದಾಳ, ಮನಿ ಅರ್ಧಕ್ಕ ನಿಂತೈತಿ. ನಾಳೆ ಎಲ್ಲಾ ಭಾರ ಅಳಿಯನ ಮ್ಯಾಲ ಬೀಳತೈತಿ ಅಂತಾರವ್ವಾ. ಹುಡುಗಿ ಚಲೋ ಅದಾಳ, ಅದರ ಬಗ್ಗೆ ಮಾತಿಲ್ಲ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಮಗೆ ಎರಡೂ ಒಂದೇ ಗೋಡೆಯಲ್ಲಿ ಬಂದು ಕೂತಿದ್ದವು.

ಒಂದು ವಾರ ಅಕ್ಕ ನನಗೆ ಫೋನು ಮಾಡಲಿಲ್ಲ. ಆಮೇಲೆ ಮಾಡಿದಳು. ದನಿ ಮೆತ್ತಗಿತ್ತು. ಅಕ್ಕನ ದನಿ ಮೆತ್ತಗಾದರೆ ನನಗೆ ಹೆದರಿಕೆ.

"ತಮ್ಮಾ, ಗಿಲಾವ್ ಮಾಡಸ್ತೇನಿ. ನಿನಗ ಹೇಳಬೇಕಲ್ಲಾ ಅಂತ ಫೋನ್ ಮಾಡೀನಿ."

ಬರೀ ಗಿಲಾವ್ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದರಿಂದ ಜೀವ ಹೋಗುವುದಿಲ್ಲ. "ಮಾಡಸೋಣ, ಸುಣ್ಣದ ಗಿಲಾವ್ ಮಾಡಿ ಬೆಳ್ಳಗ ಬಳಸ್ತೇನಿ" ಎಂದೆ.

"ಬೆಳ್ಳಗ ಬಳದ್ರ ಸರಕಾರಿ ಸಾಲಿ ಕಂಡಂಗ ಕಾಣತೈತೊ. ನಾ ಬ್ಯಾರೇದವರಿಗೆ ಹೇಳೀನಿ. ನೀ ಬಂದು ಅವರ ಜೋಡಿ ಜಗಳಾ ತಗೀಬ್ಯಾಡ."

ಮುಂಜಾನೆಯ ಮೊದಲ ಬಸ್ಸಿಗೆ ಹೋದೆ. ಮನೆಯ ಮುಂದೆ ಆಗಲೇ ಗೌಂಡಿಗಳು ಹತ್ತಿ ನಿಲ್ಲಲು ಬಂಬು ಕಟ್ಟಿದ್ದರು. ಪಶ್ಚಿಮದ ಕಟ್ಟೆಗೆ ಗಾಜಿನ ಅಳತೆ ತೆಗೆದುಕೊಳ್ಳುತ್ತಿದ್ದರು. ಹೊರಗೋಡೆಗೆ ಕಾಫಿ ಪುಡಿ ಬಣ್ಣದ ಟೈಲ್ಸು ಬಂದು ಬಿದ್ದಿದ್ದವು. ಒಳಗೆ ಪಿಒಪಿ ಸೀಲಿಂಗು, ಅದು ಬಂದರೆ ಮೇಲಿನ ಕಿಂಡಿಗಳು ಅದರ ಹಿಂದೆ ಸತ್ತಂತೆಯೇ. ಕಿಂಡಿ ಹೊರಗಿನಿಂದ ಕಾಳಿನ ಗೋದಾಮಿನ ಹಾಗೆ ಕಾಣುತ್ತವೆ ಎಂದು ಅವನ್ನೂ ಸಿಮೆಂಟು ಮೆತ್ತಿ ಮುಚ್ಚಲು ಅಕ್ಕ ಹೇಳಿದ್ದಳು. ಚೌಕಕ್ಕೆ ಸ್ಲ್ಯಾಬು ಹಾಕಿದರೆ ದೊಡ್ಡ ಹಾಲ್ ಆಗುತ್ತದೆ, ಬಂದವರಿಗೆ ಕೂರಲು ಸೋಫಾ ಹಾಕಬಹುದು ಎಂಬುದೂ ಅವಳದೇ ಲೆಕ್ಕ.

ನಾನು ಅವಳ ಮಂಚದ ಪಕ್ಕ ಕೂತು ಕೈ ಮುಗಿದೆ. ಜೀವನದಲ್ಲಿ ನಾನು ಯಾರಿಗೂ ಹಾಗೆ ಕೈ ಮುಗಿದವನಲ್ಲ. "ಅಕ್ಕಾ, ಗೋಡಿಗೆ ಏನ ಬೇಕಾದ್ದು ಹಚ್ಚು. ಕಿಂಡಿ ಬಿಡು. ಚೌಕ ಬಿಡು. ನಿನಗ ಡಾಕ್ಟರ್ ಏನ ಹೇಳ್ಯಾರ, ನೆಪ್ಪೈತಿಲ್ಲೊ?"

"ಈಗ ಎಲ್ಲಿ ಐತೊ ಸೆಕಿ?" ಎಂದಳು. ಅದು ಚಳಿಗಾಲ. ಕಾಲ ಮೇಲೆ ಕಂಬಳಿ ಇತ್ತು.

"ಬ್ಯಾಸಗಿ ಬರೂದಿಲ್ಲೇನು?"

"ಬರತೈತಿ. ದೊಡ್ಡಾಕೀಗೆ ವಯಸ್ಸೂ ಬರತೈತಿ. ಯಾವದು ಮೊದಲ ಬರತೈತಿ ನೀನ ಹೇಳು." ಕಂಬಳಿ ಹೊದ್ದ ತನ್ನ ಕಾಲಿನ ಕಡೆ ನೋಡಿ, "ನಾ ಹಿಂಗ ಬಿದ್ದೇನಿ, ಅದನ್ನ ಮುಚ್ಚಾಕ ಬರೂದಿಲ್ಲ. ಗೋಡಿನರ ಮುಚ್ಚತೇನಿ" ಎಂದಳು.

ನಾನು ಭಾವನ ಹತ್ತಿರ ಅಂಗಡಿಗೆ ಹೋದೆ. ಅವರು ತೊಗರಿಯ ಚೀಲದ ಮೇಲೆ ಕೂತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ಮನೆಯ ಯಜಮಾನರೋ ಅಲ್ಲವೋ ಎಂದೆ. ಅವರು ಮುಷ್ಟಿಯಲ್ಲಿ ತೊಗರಿ ಹಿಡಿದು ಬಿಡುತ್ತ ಹಿಡಿದು ಬಿಡುತ್ತ, "ರಾತ್ರೆಲ್ಲಾ ಅಳತಾಳ. ಕಣ್ಣೀರು ಒರಸಿಕೊಳ್ಳಾಕ ಆಕಿ ಬೆರಳಿಗೆ ಬಲ ಇಲ್ಲ. ನಾ ಒರಸಬೇಕು. ನೀ ಒಂದಿನ ಒರಸಿ ನೋಡು, ಆಮ್ಯಾಲ ನನಗ ಹೇಳು" ಎಂದರು. ನನ್ನ ಬಾಯಿಗೆ ಅಲ್ಲಿಗೆ ಕದ ಬಿತ್ತು.

ಮತ್ತೆ ಮನೆಗೆ ಬಂದಾಗ ಚೌಕದ ಸ್ಲ್ಯಾಬಿಗೆ ಸರಳು ಕಟ್ಟುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಸರಳು ತೆಳುವು, ಗೋಡೆಯ ಮೇಲೆ ಸರಿಯಾಗಿ ಕೂತಿಲ್ಲ. ಅದರ ಕೆಳಗೆ ಹೆಣ್ಣುಮಕ್ಕಳು ಓಡಾಡಬೇಕು. ನಾನು ಏನು ಮಾಡಬೇಕಿತ್ತು? ಚಪ್ಪಲಿ ಕಳಚಿ ಮೇಲೆ ಹತ್ತಿದೆ. ಆ ಸರಳು ಬಿಚ್ಚಿಸಿ ದಪ್ಪದ್ದು ತರಿಸಿ, ನಾನೇ ಅಳತೆ ಹೇಳಿ, ಕಾಂಕ್ರೀಟು ಬೀಳುವವರೆಗೆ ನಿಂತು ನೋಡಿದೆ. ನನ್ನ ಅಕ್ಕನ ಉಸಿರು ಮುಚ್ಚುವ ಸ್ಲ್ಯಾಬು ಗಟ್ಟಿಯಾಗಿರಲಿ ಎಂದು ಬಿಸಿಲಲ್ಲಿ ನಿಂತದ್ದು ನಾನೇ. ಅವತ್ತಿನಷ್ಟು ಕೈಲಾಗದವನು ನಾನು ಯಾವತ್ತೂ ಆಗಿರಲಿಲ್ಲ. ಗೌಂಡಿ, "ಬರೋಬ್ಬರಿ ಆತ್ರಿ ಸಾಹೇಬ್ರ, ಇನ್ನ ನೂರು ವರ್ಷ ಹೋಗಂಗಿಲ್ಲ" ಎಂದು ನನ್ನನ್ನು ಸಮಾಧಾನ ಮಾಡಿದ.

ಸಂಕ್ರಾಂತಿಯ ಹೊತ್ತಿಗೆ ಇಂಡಿ ಕಡೆಯಿಂದ ಇನ್ನೊಂದು ಮನೆತನ ಬಂತು. ನಿಂಬೆ ತೋಟದವರು. ಹುಡುಗ ಸಿಂದಗಿಯಲ್ಲಿ ಮಾಸ್ತರ. ಜೀಪು ಇಳಿಯುತ್ತಲೇ ಹುಡುಗನ ದೊಡ್ಡವ್ವ ಗಾಜಿನ ಮುಂದೆ ನಿಂತು ತನ್ನ ಸೆರಗು ಸರಿಮಾಡಿಕೊಂಡಳು. ಒಳಗೆ ಸೀಲಿಂಗಿನ ದೀಪಗಳು ಹೊತ್ತಿದ್ದವು. "ಮನಿ ಭಾಳ ಛಂದ ಕಟ್ಟೀರಿ ಬಿಡ್ರಿ" ಎಂದರು ಹಿರಿಯರು. ಯಾರೂ ಗೋಡೆ ಬಡಿದು ನೋಡಲಿಲ್ಲ. ಅಕ್ಕನ ಕೋಣೆಗೆ ಹೋಗಿ ಮಾತಾಡಿಸಿದ ದೊಡ್ಡವ್ವ ಆ ಚಳಿಗಾಲದಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಇಲ್ಲಿ ಒಂದ ಸ್ವಲ್ಪ ಝಳ ಅನಸ್ತೈತ್ರಿ. ಒಂದು ಎಸಿ ಹಾಕಿಸಿಬಿಡ್ರಿ" ಎಂದಳು.

"ಹಾಕಸ್ತೇವ್ರಿ" ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ಹುಡುಗ ಒಳ್ಳೆಯವನು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮದುವೆ ಮಾತು ಗಟ್ಟಿಯಾಗಿ ಸಕ್ಕರೆ ಹಂಚಿದ ದಿನ ಅವನು ತಾನಾಗಿ ಬಂದು ಅಕ್ಕನ ಕಾಲು ಮುಟ್ಟಿದ, ಕಾಲಿಗೆ ಗೊತ್ತಾಗುವುದಿಲ್ಲ ಎಂದು ನೆನಪಾಗಿ ಕೈಯನ್ನೂ ಮುಟ್ಟಿದ. ದೊಡ್ಡವಳು ಅವನನ್ನು ಕಂಡು ಮುಖ ಅರಳಿಸಿಕೊಂಡಳು. ಮನೆಯ ಮುಂದೆ ಹಂದರ ಬಿತ್ತು. ಅಕ್ಷತೆ ಹೊತ್ತಿಗೆ ನಾನು ಅವಳ ಹಿಂದೆ ನಿಂತೆ. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮುಂದಿನ ಸಾಲಿಗೆ ತಂದಿದ್ದರು. ಅವಳ ಕೈಯಿಂದ ಅಕ್ಕಿಕಾಳು ಹಾರಲಿಲ್ಲ, ಮಡಿಲಲ್ಲೇ ಬಿದ್ದವು. ಸಣ್ಣವಳು ಅವನ್ನು ಆರಿಸಿ ಅವ್ವನ ಪರವಾಗಿ ಎಸೆದಳು. ಅಕ್ಕ ನಗುತ್ತಿದ್ದಳು. ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ಹೊತ್ತಿಗೆ ನಾನೇ ತಪ್ಪು, ಅವಳೇ ಸರಿ ಅನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ, ಅದೇ ನನ್ನ ತಾಪತ್ರಯ.

ಯುಗಾದಿ ಆಯಿತು. ಬಿಸಿಲು ಬಂತು.

ಸಣ್ಣವಳು ಈಗ ಪಿಯುಸಿ. ಅವಳೇ ನನಗೆ ಫೋನು ಮಾಡಿದ್ದು. "ಮಾಮಾ, ಅವ್ವನ ಮೈ ಮತ್ತ ಮೊದಲಿನಂಗ ಆಗಾಕತ್ತೈತ್ರಿ. ಮಧ್ಯಾಹ್ನ ಬರ್ರಿ, ನಿಮಗ ಗೊತ್ತಾಗತೈತಿ." ನಾನು ಮುದ್ದೇಬಿಹಾಳದಿಂದ ನನ್ನ ಗೌಂಡಿಯನ್ನೇ ಕರೆದುಕೊಂಡು ಹೋದೆ. ಸುತ್ತಿಗೆ, ಚಾಣ ಎಲ್ಲ ಚೀಲದಲ್ಲಿದ್ದವು. ಮದುವೆ ಮುಗಿದಿದೆ, ಇನ್ನು ಯಾರ ಹಂಗು? ಸೀಲಿಂಗು ಒಡೆದು ಕಿಂಡಿ ಬಿಚ್ಚಿಸಿಯೇ ಬರುವುದು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಹೋದೆ.

ಗಾಜಿನ ಕಟ್ಟೆ ದಾಟುವಾಗಲೇ ಬಿಸಿ ಮುಖಕ್ಕೆ ಬಡಿಯಿತು. ಹಾಲ್‌ನಲ್ಲಿ ಸೋಫಾ ಮೇಲೆ ಕೈ ಇಟ್ಟರೆ ಸುಡುತ್ತಿತ್ತು. ಕರೆಂಟು ಇರಲಿಲ್ಲ. ಅಕ್ಕನ ಮುಖ ಕೆಂಪಗೆ, ತುಟಿ ಒಣಗಿ, ಎದೆ ಮೇಲೆ ಹಸಿ ಟಾವೆಲ್. ಸಣ್ಣವಳು ಬಕೀಟಿನ ಪಕ್ಕ ಕೂತಿದ್ದಳು. ಅಕ್ಕ ಗೌಂಡಿಯ ಚೀಲ ನೋಡಿದಳು.

"ಅದನ್ನ ಕೆಳಗ ಇಡು ಅನ್ನು" ಎಂದಳು.

"ಅಕ್ಕಾ, ಮದುವಿ ಆತು. ಇನ್ನ ಯಾರು ನೋಡಬೇಕಾಗೈತಿ?"

"ಒಂದು ಆತು" ಎಂದಳು ಅಕ್ಕ.

ಅವಳು ಸಣ್ಣವಳ ಕಡೆ ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ. ಸಣ್ಣವಳು ಹಿಂಡುತ್ತಿದ್ದ ಟಾವೆಲನ್ನು ಹಾಗೇ ಹಿಡಿದುಕೊಂಡು ಕೂತಳು.

"ಆಕಿ ಇನ್ನಾ ಸಣ್ಣ ಹುಡುಗಿ ಅದಾಳ" ಎಂದೆ. ನನ್ನ ದನಿ ಏರಿತ್ತು. "ಇನ್ನ ಎಷ್ಟು ವರ್ಷಾ ಹಿಂಗ ಬೇಯತಿ ನೀ? ಅಲ್ಲೀತನಕ ಇರ್ತಿ ಅಂತ ಯಾರು ಹೇಳ್ಯಾರ ನಿನಗ?"

"ಇರಲಾರದಿದ್ರ ಮನಿ ಇರತೈತಲ್ಲ. ತಾಯಿ ಇಲ್ಲದ ಹುಡುಗಿ, ಮನಿನೂ ಅರ್ಧಕ್ಕ ನಿಂತೈತಿ ಅಂದ್ರ ಯಾರು ಬರ್ತಾರ? ಸೀಲಿಂಗ್ ಒಡದ ಮನಿಗೆ ಯಾರು ಬರ್ತಾರ ಹೇಳು?" ಉಸಿರು ಸಾಲದೆ ನಿಲ್ಲಿಸಿದಳು. ಆಮೇಲೆ ನನ್ನ ಮೇಲೆ ಕರುಣೆ ಬಂತೇನೋ. "ನಿನಗ ಏನರ ಮಾಡಬೇಕು ಅಂತಿದ್ರ ಮಾಳಗಿ ಮ್ಯಾಲ ಮಾಡು. ಅಲ್ಲಿ ಯಾರೂ ನೋಡೂದಿಲ್ಲ."

ಗೌಂಡಿ ನನ್ನ ಮುಖ ನೋಡಿದ. ನಾನು ಅವನನ್ನು ಪೇಟೆಗೆ ಕಳಿಸಿ ಸುಣ್ಣ ತರಿಸಿದೆ. ಟೈಲ್ಸಿನವರು, ಸ್ಲ್ಯಾಬಿನವರು ಓಡಾಡಿ ಮೇಲಿನ ಹಳೆಯ ಸುಣ್ಣವೆಲ್ಲ ಎದ್ದುಹೋಗಿತ್ತು, ಚೌಕದ ಹೊಸ ಸ್ಲ್ಯಾಬು ಕರ್ರಗೆ ಕೂತಿತ್ತು. ಬೆಳ್ಳಗೆ ಬಳಿದರೆ ಒಂದಿಷ್ಟು ಝಳ ಕಡಿಮೆಯಾಗುತ್ತದೆ. ಒಂದಿಷ್ಟು, ಅಷ್ಟೇ. ಕಿಂಡಿಯ ಕೆಲಸ ಸುಣ್ಣ ಮಾಡುವುದಿಲ್ಲ ಎಂದು ನನಗೆ ಗೊತ್ತು. ಆದರೂ ಗೌಂಡಿಯ ಕೈಯಿಂದ ಕುಂಚ ಕಸಿದುಕೊಂಡು ನಾನೇ ಬಳಿಯತೊಡಗಿದೆ. ಅವನಿಗೆ ನೆರಳಿಗೆ ಹೋಗಿ ಕೂರು ಎಂದೆ.

ಸ್ವಲ್ಪ ಹೊತ್ತಿಗೆ ಸಣ್ಣವಳು ನೀರಿನ ಬಕೀಟು ಹೊತ್ತು ಮೇಲೆ ಬಂದಳು. "ಅವ್ವಗ ಈಗ ನಿದ್ದಿ ಹತ್ತೈತ್ರಿ" ಎಂದಳು. ಸುಣ್ಣ ಕಲಸಲು ಕೂತಳು. ಒಂದು ಸಾಲು ಬಳಿದೆ, ಇನ್ನೊಂದು ಬಳಿದೆ. ಅವಳು ತಲೆ ಎತ್ತದೆ ಕೇಳಿದಳು.

"ಮಾಮಾ, ನಾ ಗಂಡ ಹುಡುಗ ಆಗಿದ್ರ ಇವತ್ತ ಕಿಂಡಿ ತಗೀಬಹುದಿತ್ತು. ಹೌದಿಲ್ರಿ?"

ಈಗ ತಲೆ ಎತ್ತಿ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದಳು. ಆ ಬಕೀಟು ಈ ಕಡೆ ಸರಿಸವ್ವಾ ಎಂದೆ. ಸರಿಸಿದಳು.